ಹಿಮ್ಮಡಿ ರಕ್ತದ ಟೆಸ್ಟ್: ಮತ್ತೆ ಬನ್ನಿ ಎಂದು ಫೋನ್ ಬಂದರೆ?

ಪ್ರಶ್ನೆ (ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಬ್ಬ ತಾಯಿ): ಡಾಕ್ಟ್ರೇ, ಮಗಳಿಗೆ ಇವತ್ತಿಗೆ 9 ದಿನ. ಹೆರಿಗೆ ಸರಕಾರಿ ಆಸ್ಪತ್ರೆಯಲ್ಲಿ. ಮರುದಿನವೇ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದು ಮನೆಗೆ ಕಳಿಸಿದರು. ನಿನ್ನೆ ಫೋನ್ ಬಂತು: ಟಿಎಸ್‌ಎಚ್ ಜಾಸ್ತಿ ಇದೆ, ಮಗುವನ್ನು ಕರೆದುಕೊಂಡು ಬನ್ನಿ. ಮಲಯಾಳದಲ್ಲಿ ಹೇಳಿದ್ದು, ಅರ್ಧವೇ ಅರ್ಥವಾಯಿತು. ನಲವತ್ತು ಕಳೆಯದೆ ಕೂಸನ್ನು ಹೊರಗೆ ತೆಗೆಯಬಾರದು ಎಂದು ಅಮ್ಮ ಹೇಳುತ್ತಾರೆ. ಮಗು ಹಾಲು ಕುಡಿಯುತ್ತದೆ, ಅಳುವುದೇ ಕಡಿಮೆ, ಸುಮ್ನೆ ಮಲಗಿರುತ್ತದೆ. ಕಾಯಬಹುದಾ?

ಉತ್ತರ (ಮಕ್ಕಳ ಡಾಕ್ಟರ್): ಕಾಯಬೇಡಿ ತಂಗಿ. ನಾಳೆಯೇ ಹೋಗಿ.

ಹೆದರಿಸಲು ಹೇಳುತ್ತಿಲ್ಲ. ಟಿಎಸ್‌ಎಚ್ ಎಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್. ಆ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಇದು ಏರುತ್ತದೆ. ಆದರೆ ಹುಟ್ಟಿದ ಮೊದಲ ದಿನ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಏರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕೇ ಈ ರಕ್ತವನ್ನು 48ರಿಂದ 72 ಗಂಟೆಯ ನಡುವೆ ತೆಗೆದರೆ ಒಳ್ಳೆಯದು. ನಿಮ್ಮ ಮಗುವಿನದು ಬೇಗ ತೆಗೆದದ್ದು, ಹಾಗಾಗಿ ಸುಳ್ಳು ಏರಿಕೆಯೂ ಇರಬಹುದು. ಈಗ ನರದಿಂದ ರಕ್ತ ತೆಗೆದು ಟಿಎಸ್‌ಎಚ್, ಫ್ರೀ ಟಿ4 (ಥೈರಾಯ್ಡ್ ಗ್ರಂಥಿಯ ಹಾರ್ಮೋನ್) ಎರಡನ್ನೂ ನೋಡುತ್ತಾರೆ. ಅದರಲ್ಲಿ ನಿಜ ಗೊತ್ತಾಗುತ್ತದೆ.

ಆದರೆ ಥೈರಾಯ್ಡ್ ನಿಜವಾಗಿ ಕಡಿಮೆ ಇದ್ದರೆ ದಿನಗಳ ಲೆಕ್ಕ ದೊಡ್ಡದು. ಮಿದುಳು ಬೆಳೆಯಲು ಆ ಹಾರ್ಮೋನ್ ಬೇಕೇ ಬೇಕು. ಎರಡು ವಾರದೊಳಗೆ ಔಷಧ ಶುರುವಾದರೆ ಹೆಚ್ಚಿನ ಮಕ್ಕಳು ಉಳಿದ ಮಕ್ಕಳ ಹಾಗೆಯೇ ಓದುತ್ತಾರೆ, ಆಡುತ್ತಾರೆ. ನಲವತ್ತು ದಿನ ಕಾದರೆ ಹೋದದ್ದು ಪೂರ್ತಿ ಮರಳಿ ಬರುವುದಿಲ್ಲ. ಅಮ್ಮನಿಗೆ ಇದನ್ನು ಮೆಲ್ಲಗೆ ಹೇಳಿ. ಅವರ ಕಾಳಜಿಯೂ ಮಗುವಿನ ಮೇಲೆಯೇ ಅಲ್ವಾ? ಬೆಚ್ಚಗೆ ಸುತ್ತಿ, ಅವರನ್ನೂ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ಹಠವಿಲ್ಲದ, ಸದಾ ಮಲಗುವ ಕೂಸನ್ನು ನಾವು "ಪಾಪದ ಮಗು" ಎಂದು ಹೊಗಳುತ್ತೇವೆ. ಥೈರಾಯ್ಡ್ ಕಡಿಮೆ ಇರುವ ಮಗುವೂ ಹಾಗೆಯೇ ಕಾಣುತ್ತದೆ. ತಾಯಿಯಿಂದ ಬಂದ ಹಾರ್ಮೋನ್ ಸ್ವಲ್ಪ ದಿನ ಕಾಪಾಡುವುದರಿಂದ ಶುರುವಿನಲ್ಲಿ ನೋಡಿ ಹೇಳಲು ಆಗುವುದಿಲ್ಲ. ಟೆಸ್ಟ್ ಇರುವುದೇ ಅದಕ್ಕೆ.

ಔಷಧ ಬೇಕಾದರೆ ದಿನಕ್ಕೊಂದು ಸಲ ಚಿಕ್ಕ ಮಾತ್ರೆ. ಪುಡಿ ಮಾಡಿ, ಒಂದೆರಡು ಚಮಚ ಎದೆಹಾಲಿನಲ್ಲಿ ಕಲಸಿ ಆಗಲೇ ಕುಡಿಸಿ. ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನು ಅದರ ಜೊತೆಗೆ ಕೊಡಬೇಡಿ.

ಪ್ರಶ್ನೆ (ಮುಳ್ಳೇರಿಯದಿಂದ): ನಮ್ಮ ಮಗನ ರಿಪೋರ್ಟಿನಲ್ಲಿ ಜಿ6ಪಿಡಿ ಕಡಿಮೆ ಎಂದಿದೆ. ಎಷ್ಟು ಟೆಸ್ಟ್ ಮಾಡುತ್ತಾರೆ? ಇದು ದೊಡ್ಡ ಕಾಯಿಲೆಯಾ?

ಉತ್ತರ: ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ಹಿಮ್ಮಡಿ ರಕ್ತದಿಂದ ನಾಲ್ಕನ್ನು ನೋಡುತ್ತಾರೆ: ಥೈರಾಯ್ಡ್, ಜಿ6ಪಿಡಿ, ಅಡ್ರೀನಲ್ ಗ್ರಂಥಿಯ ತೊಂದರೆ, ಹಾಲಿನ ಸಕ್ಕರೆ ಅರಗದ ಗ್ಯಾಲಕ್ಟೊಸೀಮಿಯಾ. ಜಿ6ಪಿಡಿ ಎಂದರೆ ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ. ಅದರ ಕೊರತೆ ಗಂಡುಮಕ್ಕಳಲ್ಲೇ ಜಾಸ್ತಿ. ಕೆಲವು ವಸ್ತುಗಳನ್ನು ದೂರ ಇಟ್ಟರೆ ಮಗು ಸುಖವಾಗಿರುತ್ತದೆ.

ಮೊದಲು ಟ್ರಂಕ್ ನೋಡಿ. ಅಕ್ಕನ ಮಕ್ಕಳ ಹಳೇ ಬಟ್ಟೆ, ಕಂಬಳಿ ತೆಗೆದು ಹೊದಿಸುತ್ತೇವಲ್ಲ, ಅದರಲ್ಲಿ ನುಸಿಗುಳಿಗೆ (ನ್ಯಾಫ್ತಲೀನ್) ಇಟ್ಟಿರುತ್ತಾರೆ. ಅದರ ವಾಸನೆಯೇ ಸಾಕು, ಈ ಮಕ್ಕಳ ಕೆಂಪು ರಕ್ತಕಣ ಒಡೆಯಬಹುದು. ಮನೆಯಲ್ಲೇ ನುಸಿಗುಳಿಗೆ ಬೇಡ. ನಮ್ಮ ಕರಾವಳಿಯಲ್ಲಿ ಮಲೇರಿಯಾ ಇದೆ. ಅದಕ್ಕೆ ಕೊಡುವ ಪ್ರಿಮಾಕ್ವಿನ್ ಕೂಡ ಅಪಾಯ. ಯಾವ ಡಾಕ್ಟರ ಹತ್ತಿರ ಹೋದರೂ "ಜಿ6ಪಿಡಿ ಕೊರತೆ ಇದೆ" ಎಂದು ಮೊದಲೇ ಹೇಳಿ. ಎದೆಹಾಲು ಕೊಡುವಾಗ ತಾಯಿಯೂ ಕೇಳದೆ ಮಾತ್ರೆ ನುಂಗಬಾರದು. ಕಣ್ಣು ಹಳದಿಯಾದರೆ, ಮಗು ಬಿಳಿಚಿದರೆ, ಮೂತ್ರ ಕಪ್ಪು ಚಹಾದ ಹಾಗೆ ಬಂದರೆ ಅದೇ ದಿನ ಓಡಿ. ಲಸಿಕೆ ಎಲ್ಲ ಹಾಕಿಸಬಹುದು.

ಪ್ರಶ್ನೆ (ಉಪ್ಪಳದಿಂದ): ನಮ್ಮ ಹೆರಿಗೆ ಮಂಗಳೂರಿನಲ್ಲಿ. ಟೆಸ್ಟ್ ಆಗಿದೆಯೋ ಗೊತ್ತಿಲ್ಲ.

ಉತ್ತರ: ಡಿಸ್ಚಾರ್ಜ್ ಕಾರ್ಡ್ ನೋಡಿ, ಇಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಆಗಿಲ್ಲವೆಂದರೆ ಈಗಲೂ ಮಾಡಿಸಬಹುದು. ಕಿವಿಯ ಟೆಸ್ಟ್ ಒಂದು ತಿಂಗಳೊಳಗೆ ಆಗಲಿ.

ಪೆರ್ಲದ ತಾಯಿ: ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇವೆ ಡಾಕ್ಟ್ರೇ. ಅಮ್ಮನೂ ಬರುತ್ತಾರೆ.

ಉತ್ತರ: ತುಂಬ ಸಂತೋಷ. ಮಗು ಹುಟ್ಟಿದ ಸಮಯ, ಮೊದಲು ರಕ್ತ ತೆಗೆದ ಸಮಯ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲಿನ ಡಾಕ್ಟರಿಗೆ ಅದು ಬೇಕಾಗುತ್ತದೆ. ಮಲಯಾಳ ಬಲ್ಲ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ರಿಪೋರ್ಟ್ ಬಂದ ಕೂಡಲೇ ಇಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.