ತಾರಸಿಯಲ್ಲಿ ಬೆಳೆಯುವುದು ಯಾವುದು, ಅಂಗಡಿಯಿಂದ ತರುವುದು ಯಾವುದು?

(ನಮ್ಮ ಗುಂಪಿನಲ್ಲಿರುವ ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರಿಗೆ ಈ ವಾರ ಸದಸ್ಯರು ಕೇಳಿದ ಪ್ರಶ್ನೆಗಳು ಮತ್ತು ಅವರ ಉತ್ತರಗಳು.)

ಪ್ರಶ್ನೆ (ಬೆಂಗಳೂರು, ರಾಜಾಜಿನಗರ): ನಮಸ್ಕಾರ ಸರ್. ನಮ್ಮ ತಾರಸಿಯಲ್ಲಿ ಹತ್ತು ಗ್ರೋ ಬ್ಯಾಗ್‌ಗಳಿವೆ. ದಿನಕ್ಕೆ ನಾಲ್ಕು ಗಂಟೆ ಬಿಸಿಲು ಬೀಳುತ್ತದೆ. ಮೂರು ಸಲ ಟೊಮೆಟೊ ಹಾಕಿದೆ. ಮೂರು ಸಲವೂ ಗಿಡ ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಎಲೆಗಳು ಮೇಲಕ್ಕೆ ಮುದುರಿ, ಅಂಚು ಹಳದಿಯಾಗಿ, ಬೆಳವಣಿಗೆ ನಿಂತುಹೋಯಿತು. ಎರೆಗೊಬ್ಬರ ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಮೇಡಂ, ನೀವು ಹೇಳುತ್ತಿರುವುದು ಗೊಬ್ಬರದ ಕೊರತೆಯಲ್ಲ, ಬಿಳಿ ನೊಣದಿಂದ ಹರಡುವ ಎಲೆ ಮುಟುರು ನಂಜುರೋಗದ ಲಕ್ಷಣ. ಒಮ್ಮೆ ನಂಜು ತಗುಲಿದ ಗಿಡಕ್ಕೆ ಔಷಧಿಯಿಲ್ಲ. ಅದನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಬೇಕು, ಇಲ್ಲವಾದರೆ ಪಕ್ಕದ ಗಿಡಕ್ಕೂ ನೊಣವೇ ಅದನ್ನು ದಾಟಿಸುತ್ತದೆ. ಮುಂದಿನ ಸಲ ಸಸಿಗಳನ್ನು ನೈಲಾನ್ ಪರದೆಯೊಳಗೆ ಬೆಳೆಸಿ, ಹಳದಿ ಅಂಟು ಹಾಳೆ ತೂಗುಹಾಕಿ, ಎಲೆಯ ಕೆಳಬದಿಗೆ ತಾಗುವಂತೆ ಸಂಜೆಯ ಹೊತ್ತು ಬೇವಿನೆಣ್ಣೆ ಸಿಂಪಡಿಸಿ (ಲೀಟರು ನೀರಿಗೆ 5 ಮಿಲಿ, ಬೆರೆಯಲು ನಾಲ್ಕು ಹನಿ ಸೋಪು ನೀರು). ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯು ಎಲೆ ಮುಟುರು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿ ಎಂಬ ಮೂರು ರೋಗಗಳನ್ನೂ ತಡೆದುಕೊಳ್ಳುತ್ತದೆ. ಆದರೆ ಅದು ಸಂಕರಣ ತಳಿಯಾದ್ದರಿಂದ, ಅದರ ಹಣ್ಣಿನ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ, ನಾಲ್ಕು ಗಂಟೆಯ ಬಿಸಿಲಿಗೆ ಟೊಮೆಟೊ ಹಾಕುವುದು ಬೇಡವೆಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಆರು ಗಂಟೆಯಾದರೂ ಬೇಕು. ಕಿತ್ತ ಮೇಲೂ ನಾಲ್ಕಾರು ದಿನ ಕೆಡದೆ ಉಳಿಯುವ ಟೊಮೆಟೊ, ಬದನೆ, ಬೀನ್ಸ್‌ಗಳನ್ನು ಅಂಗಡಿಯಿಂದ ತನ್ನಿ. ಬೆಳಿಗ್ಗೆ ಕಿತ್ತರೆ ಸಂಜೆಗೆ ಬಾಡುವ ಸೊಪ್ಪನ್ನು ಮನೆಯಲ್ಲಿ ಬೆಳೆಯಿರಿ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರಗಳನ್ನು ಸಮಪಾಲಿನಲ್ಲಿ ಕಲಸಿ, ಮೇಲೊಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸೊಪ್ಪಿಗೆ ಎಂಟು ಅಂಗುಲ ಆಳವೇ ಸಾಕು. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯವನ್ನು ರಾತ್ರಿ ನೆನೆಸಿ ಬಿತ್ತಿದರೆ ಮೂರು ನಾಲ್ಕು ವಾರದಲ್ಲಿ ಕೀಳಬಹುದು; ಹರಿವೆಗೆ ಸುಮಾರು ಒಂದು ತಿಂಗಳು. ಕೊತ್ತಂಬರಿಯ ಒಂದೊಂದು ಕಾಳಿನೊಳಗೂ ಎರಡು ಬೀಜಗಳಿರುವುದರಿಂದ, ಅದನ್ನು ಹಲಗೆಯ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ, ಹೋಳಾಗಿಸಿ ಬಿತ್ತಬೇಕು. ಎಂಟು ಹತ್ತು ದಿನ ಕಳೆದರೂ ಮೊಳಕೆ ಕಾಣಿಸಲಿಲ್ಲವೆಂದು ಮಣ್ಣು ಕೆದಕಿ ನೋಡಬೇಡಿ (ಈ ತಪ್ಪನ್ನು ನಾನೂ ಮಾಡಿದ್ದೇನೆ). ಎಲ್ಲ ಚೀಲಗಳಿಗೂ ಒಂದೇ ದಿನ ಬಿತ್ತದೆ ವಾರಕ್ಕೆ ಎರಡು ಚೀಲದಂತೆ ಬಿತ್ತಿದರೆ ಸೊಪ್ಪು ಒಮ್ಮೆಲೇ ಬಂದು ನೆರೆಮನೆಗೆ ಹಂಚುವ ಪ್ರಮೇಯ ಬರುವುದಿಲ್ಲ. ಮೂಲೆಯಲ್ಲೊಂದು ಬಸಳೆಯ ಕಾಂಡವನ್ನು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ, ನೆಟ್ಟುಬಿಡಿ. ಹಬ್ಬಲು ದಾರ ಕಟ್ಟಿದರೆ ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ.

ಪ್ರಶ್ನೆ (ಮೈಸೂರು): ಕೊಂಡು ತಂದ ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಔಷಧಿಯ ಅಂಶವೆಲ್ಲ ಹೋಗುತ್ತದೆಯೇ?

ಉತ್ತರ: ಎಲ್ಲವೂ ಹೋಗುವುದಿಲ್ಲ. ಮೇಲ್ಮೈಯಲ್ಲಿರುವುದು ಸ್ವಲ್ಪಮಟ್ಟಿಗೆ ಹೋಗುತ್ತದೆ, ಗಿಡ ಹೀರಿಕೊಂಡದ್ದು ಯಾವ ನೀರಿಗೂ ಬರುವುದಿಲ್ಲ. ಅಗಲವಾದ ಪಾತ್ರೆಯ ತುಂಬ ನೀರಿಟ್ಟು, ಬೇರು ಕತ್ತರಿಸಿದ ಸೊಪ್ಪನ್ನು ಅದರಲ್ಲಿ ಅಲುಗಾಡಿಸಿ, ಎರಡು ನಿಮಿಷ ಸುಮ್ಮನೆ ಬಿಟ್ಟು, ಸೊಪ್ಪನ್ನು ಮೇಲೆತ್ತಿ. ನೀರನ್ನು ಸೊಪ್ಪಿನ ಮೇಲೆಯೇ ಬಗ್ಗಿಸಿದರೆ ತಳಕ್ಕೆ ಕುಳಿತ ಮಣ್ಣೆಲ್ಲ ಮತ್ತೆ ಎಲೆಗೇ ಹತ್ತುತ್ತದೆ. ತಳದಲ್ಲಿ ಮರಳು ಕಾಣದಂತಾಗುವವರೆಗೆ ಮೂರು ನಾಲ್ಕು ಸಲ ಹೀಗೆ ಮಾಡಿ, ಹೆಚ್ಚುವುದನ್ನು ತೊಳೆದ ನಂತರವೇ ಮಾಡಿ. ಫ್ರಿಜ್‌ನಲ್ಲಿ ಇಡುವ ಸೊಪ್ಪನ್ನು ಮಾತ್ರ ತೊಳೆಯದೆ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ; ಒದ್ದೆಯಾಗಿಟ್ಟರೆ ಎರಡೇ ದಿನದಲ್ಲಿ ಕೊಳೆಯುತ್ತದೆ.

ಪ್ರಶ್ನೆ (ಮಂಡ್ಯ): ಬಸ್ಸಾರಿಗೆ ಸೊಪ್ಪು ಕಾಳು ಬೇಯಿಸಿ ನೀರು ಬಸಿಯುವುದರಿಂದ ಸತ್ವವೆಲ್ಲ ಹೋಗುತ್ತದೆಂದು ಸೊಸೆ ಹೇಳುತ್ತಾಳೆ. ನಿಜವೇ?

ಉತ್ತರ: ಅಮ್ಮಾ, ಬಸಿದ ಕಟ್ಟನ್ನು ನೀವು ಚೆಲ್ಲುವುದಿಲ್ಲವಲ್ಲ, ಅದರಲ್ಲೇ ಸಾರು ಮಾಡುತ್ತೀರಿ. ಶಾಖಕ್ಕೆ ಸಿ ಜೀವಸತ್ವ ಒಂದಿಷ್ಟು ನಷ್ಟವಾಗುವುದು ನಿಜ, ಆದರೆ ನೀರಿಗಿಳಿದ ಫೋಲೇಟ್, ಪೊಟ್ಯಾಸಿಯಂ ಮೊದಲಾದವು ಸಾರಿನ ಮೂಲಕ ತಟ್ಟೆಗೇ ಬರುತ್ತವೆ. ವಯಸ್ಕರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಸಾರು ಪಲ್ಯ ಎರಡೂ ಒಂದೇ ಸೊಪ್ಪಿನಿಂದಾಗುವ ಬಸ್ಸಾರಿನಂತಹ ಅಡುಗೆಯಿದ್ದರೆ ಆ ಲೆಕ್ಕ ಮುಟ್ಟುವುದು ಕಷ್ಟವಲ್ಲ.

ಮರುಪ್ರಶ್ನೆ (ಮಂಡ್ಯ): ನಮ್ಮ ಯಜಮಾನರಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಅವರೂ ತಿನ್ನಬಹುದೇ?

ಉತ್ತರ: ಅವರ ವಿಷಯ ಬೇರೆ. ಪಾಲಕ್, ಹರಿವೆಗಳಲ್ಲಿ ಇಂತಹ ಕಲ್ಲಿಗೆ ಹೆಚ್ಚಾಗಿ ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಹೆಚ್ಚು, ಅದೂ ಬೇಯಿಸಿದ ನೀರಿಗೇ ಇಳಿಯುತ್ತದೆ. ಆದ್ದರಿಂದ ಅವರಿಗೆ ಆ ಸೊಪ್ಪುಗಳ ಕಟ್ಟಿನ ಸಾರು ಬೇಡ; ನೀರು ಚೆಲ್ಲಿದ ಪಲ್ಯವನ್ನು ಮೊಸರಿನೊಂದಿಗೆ ಎಷ್ಟರಮಟ್ಟಿಗೆ ತಿನ್ನಬಹುದೆಂದು ಅವರನ್ನು ನೋಡುವ ವೈದ್ಯರನ್ನೇ ಕೇಳಿ, ಅಲ್ಲಿಯವರೆಗೆ ಸೋರೆಕಾಯಿ, ಹೀರೇಕಾಯಿಗಳನ್ನು ಹಾಕಿ.