ಸೂಪರ್‌ಹೀರೋ ಸೀಕ್ವೆಲ್: ನಗು ಇದೆ, ಸಾವು ತಟ್ಟುತ್ತಿಲ್ಲ. ಎಲ್ಲಿಂದ ಸರಿಪಡಿಸುವುದು?

ಎರಡನೇ_ಭಾಗ:
ಸೂಪರ್‌ಹೀರೋ ಕಥೆಯೊಂದರ ಎರಡನೇ ಭಾಗದ ಚಿತ್ರಕಥೆ, 115 ಪುಟ. ಮೊದಲ ಭಾಗ ಜನರಿಗೆ ಹಿಡಿಸಿದ್ದೇ ನಾಯಕನ ಚುರುಕು ಮಾತಿನಿಂದ. ಈ ಸಲ 78ನೇ ಪುಟದಲ್ಲಿ ಅವನ ಗುರು ಸಾಯುತ್ತಾನೆ. ಆ ಸೀನ್‌ನಲ್ಲಿ ಒಂದೇ ಒಂದು ಜೋಕ್ ಇಲ್ಲ, ಆದರೂ ಓದಿದವರಿಗೆ ಅದು ತಟ್ಟುತ್ತಿಲ್ಲ. ಜೋಕ್‌ಗಳನ್ನೆಲ್ಲ ತೆಗೆದರೆ ಇದು ಬೇರೆಯೇ ಚಿತ್ರ ಅನ್ನಿಸುತ್ತದೆ. ಏನು ಮಾಡಬಹುದು?

ಮೂರನೇ_ಕರಡು:
ರೋಗ 78ನೇ ಪುಟದಲ್ಲಿಲ್ಲ. 20ರಿಂದ 60ರ ಒಳಗೆ ಹುಡುಕಿ.

ಮೊದಲ ಭಾಗದಲ್ಲಿ ನಾಯಕನಿಗೆ ಆ ಲೋಕ ಹೊಸದು. ಹೆದರಿಕೆ ಮುಚ್ಚಿಕೊಳ್ಳಲು ತಮಾಷೆ ಮಾಡುತ್ತಿದ್ದಾನೆ ಅಂತ ನೋಡುವವರಿಗೆ ಗೊತ್ತಾಗುತ್ತದೆ, ಅದಕ್ಕೇ ಇಷ್ಟವಾಗುತ್ತಾನೆ. ಎರಡನೇ ಭಾಗದ ಹೊತ್ತಿಗೆ ಅವನು ಪಳಗಿದವನು. ಅದೇ ಮಾತು ಈಗ ಉಡಾಫೆಯಾಗಿ ಕೇಳಿಸುತ್ತದೆ. ನಲವತ್ತು ಪುಟ ಅವನೇ ಯಾವುದಕ್ಕೂ ಬೆಲೆ ಕೊಡದಿದ್ದರೆ ನಾವು ಯಾಕೆ ಕೊಡಬೇಕು?

ಹಾಗಂತ ನಗು ಕಿತ್ತುಹಾಕಬೇಡಿ. 2004ರ ‘ಸ್ಪೈಡರ್‌ಮ್ಯಾನ್ 2’ ನೋಡಿ. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ಪಿಜ್ಜಾ ತಡವಾಗಿ ಮುಟ್ಟಿಸಿ ಕೆಲಸ ಕಳಕೊಳ್ಳುತ್ತಾನೆ. ಆಮೇಲೆ ಬಲೆ ಬಾರದೆ, ವೇಷ ತೊಟ್ಟುಕೊಂಡೇ ಲಿಫ್ಟ್‌ನಲ್ಲಿ ಅಪರಿಚಿತನೊಬ್ಬನ ಪಕ್ಕ ನಿಂತು ಇಳಿಯುತ್ತಾನೆ. ಎರಡಕ್ಕೂ ನಗು ಬರುತ್ತದೆ. ಆದರೆ ನಗಿಸುವ ಸಂಗತಿಯೇ ಅವನನ್ನು ಹಿಂಡುತ್ತಿರುವ ಸಂಗತಿ: ಎರಡು ಬದುಕು ಒಟ್ಟಿಗೆ ಸಾಗುತ್ತಿಲ್ಲ, ಶಕ್ತಿ ಕೈಕೊಡುತ್ತಿದೆ. ಆ ಸೀನ್‌ಗಳಿಲ್ಲದೆ ಅವನು ವೇಷವನ್ನು ಕಸದ ತೊಟ್ಟಿಗೆ ಎಸೆಯುವುದನ್ನು ನಾವು ನಂಬುತ್ತಿರಲಿಲ್ಲ.

ನಿಮ್ಮ ಪ್ರತಿಯಲ್ಲಿ ಒಂದೊಂದು ಜೋಕ್ ಪಕ್ಕದಲ್ಲೂ ಎರಡು ವಿಷಯ ಬರೆಯಿರಿ: ಇದು ಏನನ್ನು ಮುಚ್ಚಿಡುತ್ತಿದೆ, ಇದರಿಂದ ಮುಂದೆ ಏನು ಬದಲಾಯಿತು. ಎರಡಕ್ಕೂ ಉತ್ತರ ಇಲ್ಲದ ಕಡೆ ಮೊದಲು ಕತ್ತರಿ ಹಾಕಿ. ಬಹುಪಾಲು ಅವು ಹೊಡೆದಾಟದ ನಡುವೆಯೇ ಸಿಗುತ್ತವೆ. ಗುರು-ಶಿಷ್ಯರ ನಡುವಿನ ತಮಾಷೆಯನ್ನು ಮಾತ್ರ ಮುಟ್ಟಬೇಡಿ. ಗುರು ಸತ್ತಾಗ ನೋಡುವವರು ಕಳಕೊಳ್ಳುವುದು ಅದನ್ನೇ.

ಕತ್ತರಿ_ಮೇಜು:
ಮೇಲಿನದು ಸರಿ. ಅದಕ್ಕೆ ಎಡಿಟಿಂಗ್ ಕಡೆಯ ಮಾತು ಸೇರಿಸುತ್ತೇನೆ. ಸಾವಿನ ಮೊದಲು ಬರುವ ನಗು ಅಷ್ಟಾಗಿ ಕೆಡಿಸುವುದಿಲ್ಲ, ನಂತರದ ಮೊದಲ ನಗು ಕೆಡಿಸುತ್ತದೆ. 2017ರ ‘ಥಾರ್: ರ‍್ಯಾಗ್ನರಾಕ್’ನಲ್ಲಿ ಥಾರ್‌ನ ನಾಡು ಆಸ್ಗಾರ್ಡ್ ಕಣ್ಣೆದುರೇ ನಾಶವಾಗುತ್ತಿರುವಾಗ ಅವನ ಗೆಳೆಯ ಕೋರ್ಗ್ ಬಾಯಲ್ಲಿ ಒಂದು ಜೋಕ್ ಇದೆ. ಜೋಕ್ ಚೆನ್ನಾಗಿಯೇ ಇದೆ. ಆದರೆ ಒಂದು ಜನಾಂಗ ತನ್ನ ನೆಲ ಕಳಕೊಂಡ ಗಳಿಗೆ ಅದು, ಆ ನೋವು ಇಳಿಯುವ ಮೊದಲೇ ನಗು ಬಂದುಬಿಡುತ್ತದೆ.

ಇದು ಯಾಕೆ ಹೀಗಾಗುತ್ತದೆ ಅಂದರೆ, ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ನಗು ಕಿವಿಗೆ ಬೀಳುತ್ತದೆ, ಗಂಟಲು ಕಟ್ಟಿದ್ದು ಬೀಳುವುದಿಲ್ಲ. ಸದ್ದು ಬಂದದ್ದನ್ನು ಉಳಿಸಿ, ಮೌನ ಇದ್ದದ್ದನ್ನು ‘ಎಳೀತಿದೆ’ ಅಂತ ಕತ್ತರಿಸುತ್ತಾರೆ. ಹಾಗಾಗಿ ಶೂಟಿಂಗ್‌ನಲ್ಲೇ ಆ ಸೀನ್‌ನ ಕೊನೆಯನ್ನು ಜೋಕ್ ಇಲ್ಲದೆಯೂ ಒಮ್ಮೆ ತೆಗೆದಿಟ್ಟುಕೊಳ್ಳಬೇಕು. ಮಾತು ಮುಗಿದ ಮೇಲೂ ನಾಯಕನ ಮುಖದ ಮೇಲೆ ಕ್ಯಾಮೆರಾ ಐದಾರು ಸೆಕೆಂಡ್ ಓಡಲಿ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಮೂರು ಸೆಕೆಂಡ್ ಅಂದರೆ 72 ಫ್ರೇಮ್, ಅಷ್ಟಾದರೂ ಕೈಯಲ್ಲಿರಲಿ. ಅದಿಲ್ಲದಿದ್ದರೆ ಎಡಿಟರ್‌ಗೆ ಜೋಕ್ ಮೇಲೆ ಕಟ್ ಮಾಡದೆ ಬೇರೆ ದಾರಿ ಇರುವುದಿಲ್ಲ. ಇನ್ನೊಂದು ಅಪಾಯ ಡಬ್ಬಿಂಗ್: ಪಾತ್ರ ಬೆನ್ನು ತಿರುಗಿಸಿ ನಿಂತ ಶಾಟ್‌ಗೆ ಆಮೇಲೆ ಜೋಕ್ ತುರುಕುವುದು ಬಲು ಸುಲಭ. ಗುರುವಿನ ಸಾವಿನ ನಂತರದ ಎರಡು ಸೀನ್‌ಗಳಲ್ಲಿ ಅಂಥ ಶಾಟ್ ಇಡಲೇಬೇಡಿ.

ಪರದೆಯಾಚೆ:
‘ನಂತರ ಬೇಡ’ ಅನ್ನುವುದನ್ನು ನಿಯಮ ಮಾಡಬೇಡಿ. 2008ರ ‘ದಿ ಡಾರ್ಕ್ ನೈಟ್’ನಲ್ಲಿ ಬ್ಯಾಟ್‌ಮ್ಯಾನ್ ಪ್ರೀತಿಸುವ ರೇಚಲ್ ಸತ್ತ ಮೇಲೂ ನಗು ಇದೆ. ಆಸ್ಪತ್ರೆ ಹೊರಗೆ ನರ್ಸ್ ವೇಷದ ಜೋಕರ್, ಸ್ಫೋಟ ತಡವಾದಾಗ ಕೈಯಲ್ಲಿನ ರಿಮೋಟನ್ನು ಒತ್ತಿ ಒತ್ತಿ ನೋಡುತ್ತಾನೆ. ನಗು ಬರುತ್ತದೆ, ಮೈಯೂ ನಡುಗುತ್ತದೆ. ಅದು ಖಳನ ನಗು, ದುಃಖ ಹೊತ್ತವರ ಬಾಯಿಗೆ ಅದು ಬರುವುದಿಲ್ಲ. ಯಾರ ಬಾಯಲ್ಲಿ ಅನ್ನುವುದು ಯಾವಾಗ ಅನ್ನುವುದಕ್ಕಿಂತ ಮುಖ್ಯ. 1997ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಎಡವಿದ್ದು ಇಲ್ಲೇ. ಹೆಂಡತಿಯನ್ನು ಉಳಿಸಿಕೊಳ್ಳಲು ಒದ್ದಾಡುವ ಖಳ ಮಿಸ್ಟರ್ ಫ್ರೀಜ್ ಬಾಯಿಗೇ ಮಂಜು-ಚಳಿಯ ಪನ್‌ಗಳನ್ನು (ಪದಚಮತ್ಕಾರದ ಜೋಕ್‌ಗಳನ್ನು) ಸುರಿದರು. ಪಾತ್ರದ ಸಂಕಟ ಸಣ್ಣದೇನಲ್ಲ, ಆದರೆ ಯಾರೂ ಅದನ್ನು ನಂಬಲಿಲ್ಲ.

ಸಾವಿಗೆ ತೀರ ಹತ್ತಿರದ ನಗು ಹೇಗಿರಬೇಕು ಅನ್ನುವುದಕ್ಕೆ 2017ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಎರಡನೇ ಭಾಗ ಇದೆ. ಈ ಚಿತ್ರದ ನಾಯಕನ ಹೆಸರೂ ಪೀಟರ್, ಅವನನ್ನು ಸಾಕಿದವನು ಯೊಂಡು. ಯೊಂಡು ಗಾಳಿಯಲ್ಲಿ ತೇಲಿಕೊಂಡು ಇಳಿಯುತ್ತಾ ತಾನು ಮೇರಿ ಪಾಪಿನ್ಸ್ ಅಂತ ಹೆಮ್ಮೆಯಿಂದ ಕೂಗುತ್ತಾನೆ. ಅವಳು ಮಕ್ಕಳ ಕಥೆಯ, ಕೊಡೆ ಹಿಡಿದು ಹಾರುವ ದಾದಿ ಅಂತ ಅವನಿಗೆ ಗೊತ್ತಿಲ್ಲ, ಪೀಟರ್ ಹೇಳಿದ್ದನ್ನು ನಂಬಿದ್ದಾನೆ ಅಷ್ಟೆ. ಸ್ವಲ್ಪ ಹೊತ್ತಿಗೆ, ಇದ್ದ ಒಂದೇ ಬಾಹ್ಯಾಕಾಶ ಉಡುಪನ್ನು ಪೀಟರ್‌ಗೆ ತೊಡಿಸಿ ತಾನು ಸಾಯುತ್ತಾನೆ. ಆ ಜೋಕ್‌ನಲ್ಲೇ ಅವರಿಬ್ಬರ ಸಲಿಗೆ ಗೊತ್ತಾಗಿರುವುದರಿಂದ ಸಾವಿನ ಸೀನ್‌ಗೆ ಹೆಚ್ಚು ಮಾತೇ ಬೇಕಾಗಿಲ್ಲ.

ಎರಡನೇ_ಭಾಗ:
ಎಲ್ಲರಿಗೂ ಧನ್ಯವಾದ. ಗುರು ನಾಯಕನನ್ನು ಸದಾ ತಪ್ಪು ಹೆಸರಿನಿಂದ ಕರೆಯುತ್ತಾನೆ, ನಾಲ್ಕು ಸಲ ಬರುತ್ತದೆ. ಸಾಯುವಾಗ ಸರಿಯಾದ ಹೆಸರು ಹೇಳಿಸಲೇ?

ಮೂರನೇ_ಕರಡು:
ಬೇಡ. ಎರಡನೇ ಸಲ ಕೇಳುತ್ತಿದ್ದಂತೆ ಎಲ್ಲರೂ ಅದನ್ನೇ ಊಹಿಸಿಬಿಡುತ್ತಾರೆ. ಸಾಯುವಾಗಲೂ ತಪ್ಪು ಹೆಸರನ್ನೇ ಹೇಳಲಿ, ಪ್ರತಿಸಲ ತಿದ್ದುತ್ತಿದ್ದ ನಾಯಕ ಈ ಸಲ ತಿದ್ದದಿರಲಿ. ಅದಕ್ಕೆ ಮೊದಲು ಎರಡು ಸಲ ಬಂದರೆ ಸಾಕು: 15ನೇ ಪುಟದ ಸುಮಾರಿಗೆ ನಗುನಗುತ್ತಾ ತಿದ್ದಲಿ, 45ರ ಹತ್ತಿರ ಜಗಳದ ನಡುವೆ ನಿಜವಾಗಿ ಸಿಟ್ಟಿನಿಂದ ತಿದ್ದಲಿ. ಆ ಸಿಟ್ಟಿನ ಸೀನ್ ಇಲ್ಲದಿದ್ದರೆ ಕೊನೆಯ ಮೌನ ಯಾಕೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. 78ರ ನಂತರ ಆ ಹೆಸರು ಯಾರ ಬಾಯಲ್ಲೂ ಬರದಿರಲಿ, ಕ್ಲೈಮ್ಯಾಕ್ಸ್‌ನಲ್ಲೂ.