ಬಂಕಮ್ ಅಂದ್ರೆ ಬುರುಡೆ ಅಂತ ಹೇಗಾಯ್ತು?

ಪದಹುಚ್ಚ: ಇವತ್ತು ಮೀಟಿಂಗ್‌ನಲ್ಲಿ ಒಬ್ಬರು ಇನ್ನೊಬ್ಬರ ಮಾತಿಗೆ 'ಬಂಕಮ್' ಅಂದುಬಿಟ್ಟರು. ನಿಘಂಟು ತೆಗೆದರೆ ಹುರುಳಿಲ್ಲದ ಮಾತು ಅಂತಿದೆ. ಕಾಲೇಜಿನಲ್ಲಿ ಕ್ಲಾಸ್ ಬಂಕ್ ಮಾಡುತ್ತಿದ್ದೆವಲ್ಲ, ಆ ಬಂಕ್ ಇದೇನಾ?

ಹಳೇಪೇಪರ್: ಅಲ್ಲ, ಅದೇ ಬೇರೆ. ಬಂಕಮ್ ಅನ್ನೋದು ಒಂದು ಊರಿನ, ಸರಿಯಾಗಿ ಹೇಳಬೇಕಂದರೆ ಒಂದು ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಸರು! ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬಂಕಮ್ ಕೌಂಟಿ ಈಗಲೂ ಇದೆ, ಆಶ್‌ವಿಲ್ ನಗರ ಇರೋದು ಅಲ್ಲೇ. 1820ರಲ್ಲಿ ಮಿಸ್ಸೌರಿಯನ್ನು ರಾಜ್ಯವಾಗಿ ಸೇರಿಸಿಕೊಳ್ಳುವಾಗ ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅಂತ ಅವರ ಸಂಸತ್ತಿನಲ್ಲಿ ದಿನಗಟ್ಟಲೆ ಚರ್ಚೆ ನಡೆದಿತ್ತು. ಎಲ್ಲರಿಗೂ ಸಾಕಾಗಿ, ಇನ್ನು ಮತಕ್ಕೆ ಹಾಕಿ ಅನ್ನೋ ಹೊತ್ತಿಗೆ ಆ ಕಡೆಯ ಸದಸ್ಯ ಫೀಲಿಕ್ಸ್ ವಾಕರ್ ಎದ್ದು ನಿಂತರು. ಕೂತ್ಕೊಳ್ಳಿ ಅಂತ ಉಳಿದವರು ಕೂಗಿದರೂ ಕೇಳಲಿಲ್ಲ. ನಾನು ಮಾತಾಡೋದು ನಿಮಗಲ್ಲ, ಬಂಕಮ್‌ಗೆ ಅಂದರಂತೆ. ಅಂದರೆ ಊರಿನವರಿಗೆ ತಮ್ಮ ಎಂಪಿ ಬಾಯಿ ಬಿಟ್ಟ ಅಂತ ಗೊತ್ತಾದರೆ ಸಾಕು! ಅಲ್ಲಿಂದ 'ಬಂಕಮ್‌ಗೆ ಮಾತಾಡೋದು' ಅಂದರೆ ಸುಮ್ನೆ ತೋರಿಕೆಗೆ ಭಾಷಣ ಬಿಗಿಯೋದು ಅಂತಾಯಿತು. ಊರಿನ ಹೆಸರಿನ ಸ್ಪೆಲಿಂಗ್ ಬೇರೆ, ಈ ಪದದ ಸ್ಪೆಲಿಂಗ್ ಬೇರೆ. ಜನ ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು.

ಕಾಫಿಪುಡಿ: ಪಾಪ ಆ ಊರಿನವರು. ಮಾತಾಡಿದ್ದು ಒಬ್ಬ, ಹೆಸರು ಕೆಟ್ಟಿದ್ದು ಇಡೀ ಕೌಂಟಿಗೆ. ನಮ್ಮಲ್ಲಿ ಬುರುಡೆ, ಬೊಗಳೆ ಅಂದರೆ ಯಾವ ಊರಿಗೂ ನೋವಾಗಲ್ಲ ನೋಡಿ.

ಹಳೇಪೇಪರ್: ಊರಿಗಷ್ಟೇ ಅಲ್ಲ. ಆ ಹೆಸರು ಎಡ್ವರ್ಡ್ ಬಂಕಮ್ ಅನ್ನೋ ಕರ್ನಲ್‌ದು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ, 1777ರ ಜರ್ಮನ್‌ಟೌನ್ ಕದನದಲ್ಲಿ ಗಾಯಗೊಂಡು ಬ್ರಿಟಿಷರ ಸೆರೆಯಲ್ಲಿ ತೀರಿಕೊಂಡವರು. ಅವರ ನೆನಪಿಗೆ ಇಟ್ಟ ಹೆಸರಿಗೆ ಈ ಗತಿ!

ರಾತ್ರಿಪಾಳಿ: ಇದಕ್ಕೊಂದು ಬಾಲ ಇದೆ. ಬಂಕಮ್ ಮೊಟಕಾಗಿ 'ಬಂಕ್' ಆಯಿತು. ಹೆನ್ರಿ ಫೋರ್ಡ್ ಇತಿಹಾಸವನ್ನು ಬಂಕ್ ಅಂದಿದ್ದು ಇದೇ ಅರ್ಥದಲ್ಲಿ. ಆಮೇಲೆ 1923ರಲ್ಲಿ ವಿಲಿಯಂ ವುಡ್‌ವರ್ಡ್ ಅನ್ನೋ ಲೇಖಕ ತನ್ನ ಕಾದಂಬರಿಯಲ್ಲಿ ಬಂಕ್ ಹಿಂದೆ ಒಂದು 'ಡೀ' ಸೇರಿಸಿದ. ಫ್ಯಾಕ್ಟ್ ಚೆಕ್ ಮಾಡುವವರು ದಿನಾ ವಾಟ್ಸಾಪ್ ಫಾರ್ವರ್ಡುಗಳನ್ನು 'ಡೀಬಂಕ್' ಮಾಡ್ತಾರಲ್ಲ, ಅದು ಹುಟ್ಟಿದ್ದು ಹೀಗೆ. ಕ್ಲಾಸ್ ಬಂಕ್ ಬ್ರಿಟಿಷರ ಆಡುಮಾತಿನಿಂದ ಬಂದಿದ್ದು, ಓಡಿಹೋಗೋದು ಅಂತ ಅರ್ಥ.

ಪದಹುಚ್ಚ: ಹಾಗಾದ್ರೆ ಪೆಟ್ರೋಲ್ ಬಂಕ್?

ರಾತ್ರಿಪಾಳಿ: ಅದಕ್ಕೂ ವಾಕರ್‌ಗೂ ಸಂಬಂಧ ಇಲ್ಲ ಮಾರಾಯ್ರೆ. ಬೇರೆ ಥ್ರೆಡ್ ಹಾಕಿ.